ನಕ್ಷತ್ರ ಬೀಳದ ಸಾಲು

ಎಸ್‌ಜಿಪಿಟಿ 78, ಪಕ್ಕದಲ್ಲೊಂದು ನಕ್ಷತ್ರದ ಗುರುತು, ಅಂಕಿ ಮಿತಿಯೊಳಗಿಲ್ಲ ಎಂದು. ಅದರ ಮೇಲಿನ ಸಾಲಿನಲ್ಲಿ ಎಸ್‌ಜಿಒಟಿ 52, ಅದಕ್ಕೂ ಒಂದು ನಕ್ಷತ್ರ. ಕಚೇರಿಯಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯ ವರದಿ ಆರು ಪುಟ ಇತ್ತು. ನಾನು ಓದಿದ್ದು ಲಿವರ್ ಕಿಣ್ವಗಳ ಈ ಎರಡು ಸಾಲು. ನನ್ನದು ಲೆಕ್ಕ ತಪಾಸಣೆಯ ಕೆಲಸ. ಬೇರೆಯವರ ಪುಸ್ತಕವಾದರೆ ಹಿಂದಿನ ವರ್ಷಗಳದ್ದನ್ನೂ ತರಿಸಿ, ಪಕ್ಕದಲ್ಲಿಟ್ಟು ನೋಡಿ, ಆಮೇಲೆ ಬಾಯಿ ಬಿಡುತ್ತೇನೆ. ಸ್ವಂತ ರಕ್ತದ ಲೆಕ್ಕ ಕೈಗೆ ಬಂದಾಗ ಆ ಬುದ್ಧಿಯೆಲ್ಲ ಎಲ್ಲಿ ಹೋಯಿತೋ. ರಾತ್ರಿಯಿಡೀ ಮೊಬೈಲ್ ಹಿಡಿದು ಕೂತೆ. ಬೆಳಗಾಗುವಷ್ಟರಲ್ಲಿ ನನಗೆ ಬಾರದ ಕಾಯಿಲೆ ಒಂದೂ ಉಳಿದಿರಲಿಲ್ಲ.

ಡಾಕ್ಟರು ವರದಿಯನ್ನು ನನ್ನಷ್ಟು ಹೊತ್ತು ನೋಡಲಿಲ್ಲ. ನನ್ನ ಹೊಟ್ಟೆಯನ್ನು ನೋಡಿದರು.

"ಕುಡೀತೀರಾ?"

"ಅಪರೂಪಕ್ಕೆ, ವರ್ಷಕ್ಕೆ ಎರಡೋ ಮೂರೋ ಸಲ."

"ಮಾತ್ರೆ, ಪುಡಿ, ಕಷಾಯ, ಜಿಮ್ಮಿನವರು ಕೊಟ್ಟ ಡಬ್ಬಿ, ಏನಾದರೂ?"

ಇಲ್ಲ ಎಂದೆ. ಅದು ಪೂರ್ತಿ ನಿಜವಲ್ಲ. ವರದಿ ಬಂದ ಮೂರನೇ ದಿನ ಗೆಳೆಯನೊಬ್ಬ 'ಲಿವರ್ ಶುದ್ಧಿ ಮಾಡುತ್ತೆ' ಅಂತ ಒಂದು ಡಬ್ಬಿ ತಂದುಕೊಟ್ಟಿದ್ದ, ಎರಡು ದಿನ ತೆಗೆದುಕೊಂಡಿದ್ದೆ. ತಡವರಿಸಿ ಅದನ್ನೂ ಹೇಳಿದೆ. "ಅದನ್ನ ಮೊದಲು ಎಸೀರಿ. ಗಿಡಮೂಲಿಕೆ ಅಂತ ಬರೆದಿರೋದರಿಂದಲೂ ಲಿವರ್‌ಗೆ ಪೆಟ್ಟು ಬೀಳುತ್ತೆ, ಹಸಿರು ಚಹಾದ ಸಾರ ಹಾಕಿದ ಮಾತ್ರೆಯಿಂದಲೂ ಬಿದ್ದದ್ದಿದೆ" ಅಂದರು. ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗೆ ಬರೆದರು, ಹೊಟ್ಟೆಯ ಸ್ಕ್ಯಾನಿಂಗ್‌ಗೆ ಬರೆದರು, ಆರು ವಾರ ಬಿಟ್ಟು ಅದೇ ಕಿಣ್ವಗಳನ್ನು ಮತ್ತೊಮ್ಮೆ ನೋಡೋಣ ಎಂದರು. ಒಂದು ಸಲ ಏರಿದ್ದನ್ನು ನೋಡಿ ತೀರ್ಪು ಕೊಡುವುದಿಲ್ಲವಂತೆ.

ಬಿ ಇಲ್ಲ, ಸಿ ಇಲ್ಲ. ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 2 ಫ್ಯಾಟಿ ಲಿವರ್' ಎಂದು ಬಂತು. ಲಿವರ್‌ನಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಕೊಬ್ಬು ಕೂತರೆ ಅದು ಫ್ಯಾಟಿ ಲಿವರ್. ಆದರೆ ಕೊಬ್ಬು ಶೇಕಡಾ 20–30ರಷ್ಟಾಗುವ ತನಕ ಸಾಮಾನ್ಯ ಸ್ಕ್ಯಾನಿಂಗ್‌ನ ಕಣ್ಣಿಗೆ ಅದು ಸರಿಯಾಗಿ ಬೀಳುವುದಿಲ್ಲ. ಅಂದರೆ ನನ್ನದು ನಿನ್ನೆ ಮೊನ್ನೆ ಕೂತದ್ದಲ್ಲ.

ಎರಡನೇ ಸಲ ರಕ್ತ ಕೊಡಲು ಹೋದಾಗ ತೆಗೆಯುವ ಹುಡುಗಿಯ ಕೈಯನ್ನೇ ನೋಡುತ್ತಿದ್ದೆ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈ ಮಡಿಕೆಯಲ್ಲಿ ಬೆರಳಾಡಿಸಿ, ನರ ಸಿಕ್ಕಿದ ಕೂಡಲೇ ಮುಷ್ಟಿ ಸಡಿಲಿಸಲು ಹೇಳಿದಳು. ಒಂದು ಹಳದಿ ಮುಚ್ಚಳದ ಕೊಳವೆ, ಒಂದು ನೇರಳೆ ಮುಚ್ಚಳದ್ದು. ಹಳದಿಯದನ್ನು ಹೆಪ್ಪುಗಟ್ಟಲು ಬಿಡುತ್ತಾರೆ, ಮೇಲೆ ನಿಲ್ಲುವ ಸೀರಂನಲ್ಲಿ ಕಿಣ್ವ ಅಳೆಯುತ್ತಾರೆ. ನೇರಳೆಯದು ಹೆಪ್ಪುಗಟ್ಟಬಾರದು, ರಕ್ತಕಣ ಎಣಿಸಲಿಕ್ಕೆ. ಅದನ್ನು ಅವಳು ಮಗುವನ್ನು ತೂಗುವ ಹಾಗೆ ಏಳೆಂಟು ಸಲ ಮೆಲ್ಲಗೆ ಮಗುಚಿದಳು. "ಯಾವುದನ್ನೂ ಜೋರಾಗಿ ಅಲ್ಲಾಡಿಸಬಾರದು ಸಾರ್, ಕಣ ಒಡೆಯುತ್ತೆ. ಹಳದಿಯದರಲ್ಲಿ ಒಡೆದರೆ ಎಸ್‌ಜಿಒಟಿ ಸುಮ್‌ಸುಮ್ಮನೆ ಜಾಸ್ತಿ ತೋರಿಸುತ್ತೆ." ಕೆಂಪು ರಕ್ತಕಣದೊಳಗೂ ಅದೇ ಕಿಣ್ವ ಇದೆ ಎಂಬುದು ನನಗೆ ಆಗಲೇ ತಿಳಿದದ್ದು. ನನ್ನ ಗಮನವೆಲ್ಲ ಹಳದಿ ಕೊಳವೆಯ ಮೇಲಿತ್ತು. ನೇರಳೆಯದರ ಬೆಲೆ ಗೊತ್ತಾಗಲು ಇನ್ನೂ ಒಂದು ವಾರ ಬೇಕಿತ್ತು.

ಈ ಪರೀಕ್ಷೆಗಳ ಗೊಂಚಲಿಗೆ 'ಲಿವರ್ ಫಂಕ್ಷನ್ ಟೆಸ್ಟ್' ಎಂದು ಹೆಸರಿಟ್ಟವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಎಸ್‌ಜಿಪಿಟಿ, ಎಸ್‌ಜಿಒಟಿ ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಹೇಳುವುದೇ ಇಲ್ಲ. ಅವು ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶಕ್ಕೆ ಏಟು ಬಿದ್ದಾಗ ರಕ್ತಕ್ಕೆ ಸೋರುತ್ತವೆ. ನಾವು ಅಳೆಯುವುದು ಸೋರಿಕೆಯನ್ನು. ಲಿವರ್‌ನ ಕೆಲಸ ಗೊತ್ತಾಗಬೇಕಾದರೆ ಅದು ತಯಾರಿಸುವ ಆಲ್ಬುಮಿನ್ ನೋಡಬೇಕು, ಹೊರಹಾಕುವ ಬಿಲಿರುಬಿನ್ ನೋಡಬೇಕು, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎನ್ನುವ ಐಎನ್‌ಆರ್ ನೋಡಬೇಕು. ಅದೂ ಅಲ್ಲದೆ ಸೋರಿದ ಕಿಣ್ವ ರಕ್ತದಲ್ಲಿ ಬಹಳ ದಿನ ಇರುವುದಿಲ್ಲ. ಎಸ್‌ಜಿಪಿಟಿ ಅರ್ಧಕ್ಕೆ ಇಳಿಯಲು ಸುಮಾರು ಎರಡು ದಿನ ಸಾಕು, ಎಸ್‌ಜಿಒಟಿಗೆ ಒಂದು ದಿನವೂ ಬೇಡ. ಈ ವಾರದ ಸೋರಿಕೆ ಈ ವಾರದ್ದು. ಹತ್ತು ವರ್ಷದಲ್ಲಿ ಒಳಗೆ ಗಾಯ ಮಾಗಿ ಎಷ್ಟು ಕಲೆಗಟ್ಟಿದೆ ಎಂಬ ಲೆಕ್ಕ ಅದರಲ್ಲಿರುವುದಿಲ್ಲ.

ಇನ್ನೊಂದು ತಮಾಷೆ. ಎಸ್‌ಜಿಒಟಿಯನ್ನು ವೈದ್ಯರು ಮೊದಲು ಕೈಗೆತ್ತಿಕೊಂಡದ್ದು ಲಿವರ್‌ಗಾಗಿ ಅಲ್ಲ, ಹೃದಯಾಘಾತ ಪತ್ತೆ ಹಚ್ಚಲು, 1954ರಲ್ಲಿ. ಅದು ಹೃದಯದಲ್ಲೂ ಇದೆ, ಮಾಂಸಖಂಡದಲ್ಲೂ ಇದೆ. ಎಸ್‌ಜಿಪಿಟಿ ಹೆಚ್ಚಾಗಿ ಲಿವರ್‌ನದ್ದು. ಈ ವಿಷಯ ನನಗೆ ಮುಂದೆ ಚೆನ್ನಾಗಿಯೇ ಮನದಟ್ಟಾಯಿತು.

ಎರಡನೇ ವರದಿಯಲ್ಲಿ ಎಸ್‌ಜಿಒಟಿ 49, ಎಸ್‌ಜಿಪಿಟಿ 71. ಇಳಿದಿದೆ ಎಂದು ಹಿಗ್ಗಿ ಡಾಕ್ಟರ ಮುಂದಿಟ್ಟೆ. ಅವರು ಪುಟ ತಿರುಗಿಸಿ, ನಾನು ಎಂದೂ ನಿಂತು ನೋಡದ ಸಾಲೊಂದಕ್ಕೆ ಪೆನ್ನು ಇಟ್ಟರು. ಪ್ಲೇಟ್‌ಲೆಟ್ 2 ಲಕ್ಷ 5 ಸಾವಿರ. ನಕ್ಷತ್ರವಿಲ್ಲ.

"ಇದು ಸರಿಯಾಗೇ ಇದೆಯಲ್ಲ?"

"ಸರಿಯಾಗಿದೆ. ಆದರೂ ಬೇಕು."

ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸು: 47 ಗುಣಿಸು 49. ಕೆಳಗೆ, ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ 205 ಎಂದು ಬರೆದು, ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸು. ಮೇಲಿನದನ್ನು ಕೆಳಗಿನದರಿಂದ ಭಾಗಿಸು. ಬಂದದ್ದು 1.33. ಇದಕ್ಕೆ ಫಿಬ್-4 ಎನ್ನುತ್ತಾರೆ. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್‌ನಲ್ಲಿ ಹೆಚ್ಚಿನ ಕಲೆ, ಅಂದರೆ ಮುಂದುವರಿದ ಫೈಬ್ರೋಸಿಸ್, ಇರುವ ಸಂಭವ ಬಹಳ ಕಡಿಮೆ. 2.67ಕ್ಕಿಂತ ಹೆಚ್ಚಿದ್ದರೆ ತಜ್ಞರ ಹತ್ತಿರ ಹೋಗಲೇಬೇಕು. ಮಧ್ಯೆ ಇದ್ದವರಿಗೆ ಇನ್ನೊಂದು ಪರೀಕ್ಷೆ. ಮೂವತ್ತೈದರ ಒಳಗಿನವರಲ್ಲಿ ಈ ಲೆಕ್ಕ ಅಷ್ಟು ನಂಬುವಂಥದ್ದಲ್ಲ, ಅರವತ್ತೈದು ದಾಟಿದವರಿಗೆ ಕೆಳಗಿನ ಗೆರೆಯನ್ನು 2ಕ್ಕೆ ಏರಿಸುತ್ತಾರೆ.

ಪ್ಲೇಟ್‌ಲೆಟ್ ಇದರಲ್ಲಿ ಯಾಕೆ ಬಂತು ಎಂದು ಕೇಳಿದೆ. ಕೇಳಿದ್ದಕ್ಕೆ ಅವರಿಗೆ ಖುಷಿಯಾದಂತಿತ್ತು. ಲಿವರ್ ಕಲೆಗಟ್ಟಿ ಗಟ್ಟಿಯಾದಾಗ ಕರುಳಿನ ಕಡೆಯಿಂದ ಬರುವ ರಕ್ತಕ್ಕೆ ದಾರಿ ಬಿಗಿಯಾಗುತ್ತದೆ, ಒತ್ತಡ ಹಿಂದಕ್ಕೆ ಗುಲ್ಮದ ಮೇಲೆ ಬೀಳುತ್ತದೆ, ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ಪ್ಲೇಟ್‌ಲೆಟ್ ತಯಾರಾಗಲು ಪ್ರಚೋದನೆ ಕೊಡುವ ಹಾರ್ಮೋನು ಬರುವುದೂ ಲಿವರ್‌ನಿಂದಲೇ. ಹಾಗಾಗಿ ರಕ್ತಕಣ ಎಣಿಸುವ ಸಾದಾ ಪರೀಕ್ಷೆಯಲ್ಲಿ ಲಿವರ್‌ನ ಸುದ್ದಿ ಅಡಗಿರುತ್ತದೆ.

1.33. ಗೆರೆಯಿಂದ ಕೂದಲೆಳೆಯಷ್ಟು ಆಚೆ. ಫೈಬ್ರೋಸ್ಕ್ಯಾನ್‌ಗೆ ಕಳಿಸಿದರು.

ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ಬಲಗೈಯನ್ನು ತಲೆಯ ಹಿಂದೆ ಇಟ್ಟು ಅಂಗಾತ ಮಲಗಿದೆ. ಪಕ್ಕೆಲುಬುಗಳ ನಡುವೆ ತಣ್ಣನೆಯ ಜೆಲ್ ಹಚ್ಚಿ, ಸಣ್ಣ ಸಲಕರಣೆಯ ತುದಿ ಒತ್ತಿ ಹಿಡಿದರು. ಟಕ್. ಯಾರೋ ಹೆಬ್ಬೆರಳಿಗೆ ನಡುಬೆರಳು ಸಿಕ್ಕಿಸಿ ಪಕ್ಕೆಗೆ ಚಿಮ್ಮಿದ ಹಾಗೆ. ನೋವೇನಿಲ್ಲ, ಮಕ್ಕಳಾಟದ ಹಾಗಿದೆ. ಆ ಚಿಮ್ಮುವಿಕೆಯ ಅಲೆ ಲಿವರ್‌ನೊಳಗೆ ಎಷ್ಟು ವೇಗವಾಗಿ ಓಡುತ್ತದೆ ಎಂದು ಯಂತ್ರ ಅಳೆಯುತ್ತದೆ. ಗಟ್ಟಿ ಲಿವರ್‌ನಲ್ಲಿ ಅಲೆ ಬೇಗ ಓಡುತ್ತದೆ. ಹತ್ತು ಸಲ ಅಳೆದು ನಡುವಿನ ಅಂಕಿ ತೆಗೆದುಕೊಳ್ಳುತ್ತಾರೆ. ನನ್ನದು 6.4 ಕಿಲೋಪ್ಯಾಸ್ಕಲ್. ಎಂಟಕ್ಕಿಂತ ಕೆಳಗೆ, ಗಾಬರಿಯಿಲ್ಲ. ಕೊಬ್ಬಿನ ಅಂಕಿ ಬೇರೆ ಬರುತ್ತದೆ, 100ರಿಂದ 400ರ ಅಳತೆಯಲ್ಲಿ, ಅದು 318. ಕೊಬ್ಬು ಬೇಕಾದಷ್ಟಿದೆ, ಕಲೆ ಹೆಚ್ಚಿಲ್ಲ.

"ಹತ್ತು ಕೆಜಿ ಇಳಿಸಲೇಬೇಕಾ ಡಾಕ್ಟ್ರೇ?"

"ಹತ್ತು ಅಂತ ಯಾರು ಹೇಳಿದ್ದು? ಇರೋ ತೂಕದಲ್ಲಿ ಶೇಕಡಾ ಐದು ಇಳಿಸಿದರೆ ಕೊಬ್ಬು ಕರಗೋಕೆ ಶುರುವಾಗುತ್ತೆ. ಏಳರಿಂದ ಹತ್ತು ಇಳಿಸಿದರೆ ಉರಿಯೂತವೂ ಇಳಿಯುತ್ತೆ. ನಿಧಾನವಾಗಿ ಇಳಿಸಿ."

ನಾನು 84 ಕೆಜಿ ಇದ್ದೆ. ನಿಧಾನ ಎಂಬ ಮಾತು ಕಿವಿಗೆ ಬೀಳಲೇ ಇಲ್ಲ.

ಮುಂದಿನ ಮೂರು ತಿಂಗಳು ನಾನು ಮಾಡಿದ್ದು ಹುಚ್ಚಾಟ. ಎರಡು ವಾರಕ್ಕೊಮ್ಮೆ ರಕ್ತ ಕೊಟ್ಟು, ಕಂಪ್ಯೂಟರಿನಲ್ಲಿ ಗ್ರಾಫ್ ಬರೆಯುತ್ತಿದ್ದೆ. ಎಸ್‌ಜಿಪಿಟಿ 71, 66, 74, 63. 74 ಬಂದ ದಿನ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡುವ ಹಾಗಿರಲಿಲ್ಲ. ಒಂದೇ ಮನುಷ್ಯನಲ್ಲಿ ಈ ಅಂಕಿ ದಿನದಿಂದ ದಿನಕ್ಕೆ ಅಷ್ಟಿಷ್ಟು ಏರಿಳಿಯುವುದು ಸಹಜ ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದನ್ನು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನಡುವೆ ಲ್ಯಾಬ್ ಬದಲಿಸಿದೆ. ಅಲ್ಲಿ 54 ಬಂತು, ನಕ್ಷತ್ರ ಇರಲಿಲ್ಲ! ಕುಣಿಯುವುದೊಂದು ಬಾಕಿ. ಆಮೇಲೆ ನೋಡಿದರೆ ಮೊದಲ ಲ್ಯಾಬಿನ ಗರಿಷ್ಠ ಮಿತಿ 41, ಇವರದು 56. ಲಿವರ್ ಅದೇ, ಗೆರೆ ಮಾತ್ರ ಬೇರೆ. ಅಮೆರಿಕದ ಜಠರ-ಕರುಳು ತಜ್ಞರ ಸಂಘಟನೆಯೊಂದು 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಆರೋಗ್ಯವಂತ ಗಂಡಸರಲ್ಲಿ ಎಸ್‌ಜಿಪಿಟಿ 29ರಿಂದ 33, ಹೆಂಗಸರಲ್ಲಿ 19ರಿಂದ 25 ಮೇಲಿನ ಮಿತಿ ಎಂದಿದೆ. ಹಳೆಯ ಮಿತಿಗಳನ್ನು ಗೊತ್ತು ಮಾಡುವಾಗ 'ಆರೋಗ್ಯವಂತರು' ಎಂದು ಹಿಡಿದವರಲ್ಲೇ ಫ್ಯಾಟಿ ಲಿವರ್ ಇದ್ದವರು ಸೇರಿಕೊಂಡಿದ್ದರು ಎಂಬುದು ಇದರ ಹಿಂದಿನ ವಾದ. ತಕ್ಕಡಿಯ ತೂಕದ ಕಲ್ಲೇ ಸವೆದಿದ್ದರೆ ತೂಗಿ ಏನು ಫಲ?

ಜೊತೆಗೆ ಜಿಮ್ ಸೇರಿದೆ. ಮೊದಲ ವಾರವೇ ಭಾರ ಎತ್ತಿ, ಕಾಲು ಮಡಚಲಾಗದೆ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುವ ಗತಿಯಾಯಿತು. ನಾಲ್ಕನೇ ದಿನ ರಕ್ತ ಕೊಟ್ಟೆ. ಎಸ್‌ಜಿಒಟಿ 96. ಎಸ್‌ಜಿಪಿಟಿ 81. ಎರಡು ಸಲ ಕಣ್ಣುಜ್ಜಿ ನೋಡಿದೆ. ಲೆಕ್ಕ ಗೊತ್ತಿತ್ತಲ್ಲ, ನಾನೇ ಹಾಕಿದೆ. 81ರ ವರ್ಗಮೂಲ 9, ಸುಲಭ. ಫಿಬ್-4 ಬಂದದ್ದು 2.45. ಮೂರು ತಿಂಗಳಲ್ಲಿ 1.33ರಿಂದ 2.45! ಎದೆ ಧಸಕ್ಕೆಂದಿತು.

ಡಾಕ್ಟರು ವರದಿಗಿಂತ ಮೊದಲು ನಾನು ಕುರ್ಚಿಯಲ್ಲಿ ಕೂತ ರೀತಿ ನೋಡಿದರು, ಕೈ ಊರಿಕೊಂಡು, ಮುಖ ಹಿಂಡಿಕೊಂಡು. "ಯಾಕೆ ಹೀಗೆ ಕೂರ್ತಿದ್ದೀರಿ?" ಜಿಮ್ ವಿಷಯ ಹೇಳಿದೆ. ಅವರು ನಕ್ಕು ಸಿಕೆ ಎಂಬ ಪರೀಕ್ಷೆಗೆ ಬರೆದರು. ಅದು ಮಾಂಸಖಂಡದ ಕಿಣ್ವ, ಸಾಮಾನ್ಯವಾಗಿ ಇನ್ನೂರರ ಆಸುಪಾಸಿನೊಳಗೆ ಇರಬೇಕಾದದ್ದು. ನನ್ನದು 1,460. ಪಿತ್ತನಾಳದ ಕಡೆಯ ಸುದ್ದಿ ಹೇಳುವ ಜಿಜಿಟಿ ಕದಲಿರಲಿಲ್ಲ, ಬಿಲಿರುಬಿನ್ ಕದಲಿರಲಿಲ್ಲ. ಸೋರಿದ್ದು ತೊಡೆಯ ಮಾಂಸದಿಂದ, ಬೈಸಿಕೊಂಡದ್ದು ಲಿವರ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಅಭ್ಯಾಸವಿಲ್ಲದವರು ಭಾರ ಎತ್ತಿದರೆ ಈ ಕಿಣ್ವಗಳು ಕನಿಷ್ಠ ಒಂದು ವಾರ ಮೇಲೇ ಇರುತ್ತವಂತೆ. ಹನ್ನೆರಡು ದಿನ ಬರೀ ನಡೆದಾಡಿ ಮತ್ತೆ ಕೊಟ್ಟೆ: 40 ಮತ್ತು 62. ಫಿಬ್-4 1.15.

"ಇನ್ನು ಆರು ತಿಂಗಳು ರಕ್ತ ಕೊಟ್ಟರೆ ನನ್ನ ಹತ್ತಿರ ಬರಬೇಡಿ" ಎಂದರು. ಗ್ರಾಫ್ ಅಳಿಸಿಹಾಕಿದೆ. ನಡಿಗೆ ಉಳಿಯಿತು, ಜಿಮ್ಮೂ ಉಳಿಯಿತು, ಮರ್ಯಾದೆಯ ಭಾರದೊಂದಿಗೆ. ವರ್ಷ ತುಂಬುವಾಗ 78 ಕೆಜಿ, ಎಸ್‌ಜಿಪಿಟಿ 36. ಅದರ ಬಗ್ಗೆ ಹೇಳುವಂಥದ್ದೇನಿಲ್ಲ; ಹಸಿವೆ, ಬೇಸರ, ಮತ್ತೆ ಹಸಿವೆ.

ಹೇಳಬೇಕಾದದ್ದು ಅಕ್ಕನ ವಿಷಯ.

ಅಕ್ಕ ನನಗಿಂತ ಹದಿಮೂರು ವರ್ಷ ದೊಡ್ಡವಳು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಅವಳಿಗೂ ಹಿಂದೆ ಫ್ಯಾಟಿ ಲಿವರ್ ಎಂದಿದ್ದರು, ಆಮೇಲೆ ಸರಿಹೋಯಿತು ಎನ್ನುವುದು ಮನೆಮಂದಿಯ ನಂಬಿಕೆ. ನನ್ನ 36ರ ಸುದ್ದಿ ಕೇಳಿ ನಕ್ಕಳು. "ನಂದು 24 ಕಣೋ. ಒಂದು ನಕ್ಷತ್ರ ಇಲ್ಲ. ನೀನು ವರ್ಷವಿಡೀ ಒದ್ದಾಡಿ 36ಕ್ಕೆ ಬಂದೆ."

ಅವಳ ಫೈಲು ತೆಗೆದದ್ದು ಬರೀ ಕುತೂಹಲಕ್ಕೆ. ಅಕ್ಕ ಒಂದು ಕಾಗದವನ್ನೂ ಬಿಸಾಡುವವಳಲ್ಲ. ಒಂಬತ್ತು ವರ್ಷದ ವರದಿಗಳು, ವರ್ಷವಾರು ಜೋಡಿಸಿದ್ದು. ಸಾಲಾಗಿ ನೆಲದ ಮೇಲೆ ಹರಡಿದೆ, ಲೆಕ್ಕದ ಪುಸ್ತಕಗಳನ್ನು ಹರಡುವ ಹಾಗೆ. ಎಸ್‌ಜಿಪಿಟಿ ಒಂಬತ್ತು ವರ್ಷದ ಹಿಂದೆ 64, ಆಮೇಲೆ 43, ಆಮೇಲೆ 31, ಈಗ 24. ಯಾರು ನೋಡಿದರೂ ಭೇಷ್ ಎನ್ನಬೇಕು. ಎಸ್‌ಜಿಒಟಿ 42, 38, 36, 34. ಅದೂ ಇಳಿದಿದೆ, ಆದರೆ ಕುಂಟುತ್ತಾ. ಮೊದಲು ಎಸ್‌ಜಿಪಿಟಿಗಿಂತ ಕೆಳಗಿದ್ದದ್ದು ಈಗ ಮೇಲಿದೆ. ಬೆರಳು ಪ್ಲೇಟ್‌ಲೆಟ್ ಸಾಲಿಗೆ ಹೋಯಿತು. 236, 201, 176, 152. ಲ್ಯಾಬಿನ ಕನಿಷ್ಠ ಮಿತಿ 150. ಒಂದು ವರ್ಷವೂ ನಕ್ಷತ್ರ ಬಿದ್ದಿಲ್ಲ, ಬೀಳಲು ಕಾರಣವೂ ಇಲ್ಲ. ಪ್ರತಿ ವರ್ಷದ ವರದಿಯೂ ಆ ವರ್ಷದ ಮಟ್ಟಿಗೆ ಸರಿಯೇ. ಪಕ್ಕದಲ್ಲಿಟ್ಟು ನೋಡುವ ಕೆಲಸ ಯಾರದೂ ಆಗಿರಲಿಲ್ಲ, ನನ್ನದೂ.

61 ಗುಣಿಸು 34. ಕೆಳಗೆ 152, 24ರ ವರ್ಗಮೂಲ. 2.79.

ಎಲ್ಲೋ ಗುಣಾಕಾರ ತಪ್ಪಿರಬೇಕು ಎಂದು ಮೂರು ಸಲ ಹಾಕಿದೆ. ಅಕ್ಕ ಒಳಗಿನಿಂದ "ಏನು ಅಷ್ಟೊತ್ತಿಂದ ಮಾಡ್ತಿದ್ದೀಯೋ" ಎಂದು ಕೂಗಿದಳು. "ಏನಿಲ್ಲ ಅಕ್ಕ, ನಿನ್ನ ಫೈಲು ನೀಟಾಗಿದೆ" ಅಂದೆ.

ತಜ್ಞರು ಆ ಕಾಗದಗಳನ್ನು ನಾನು ಜೋಡಿಸಿದ ಕ್ರಮದಲ್ಲೇ ನೋಡಿದರು. ಫ್ಯಾಟಿ ಲಿವರ್ ಇರುವ ಎಷ್ಟೋ ಜನರಲ್ಲಿ ಕಿಣ್ವಗಳು ಮಿತಿಯೊಳಗೇ ಇರುತ್ತವೆ, ಕಲೆ ಹೆಚ್ಚಿದಂತೆ ಎಸ್‌ಜಿಪಿಟಿ ಇಳಿಯುವುದೂ ಉಂಟು ಎಂದರು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಿಣ್ವ ಸರಿಯಿದ್ದರೂ ಫಿಬ್-4 ಲೆಕ್ಕ ಹಾಕಿ ನೋಡಬೇಕೆಂದು ಈಗಿನ ಮಾರ್ಗಸೂಚಿಗಳಲ್ಲಿದೆ. ಬೂದಿ ಮುಚ್ಚಿದ ಕೆಂಡವನ್ನು ನಾವು ಆರಿದ ಒಲೆ ಎಂದುಕೊಂಡಿದ್ದೆವು. ಫೈಬ್ರೋಸ್ಕ್ಯಾನ್‌ನಲ್ಲಿ ಅವಳದು 13.8 ಬಂತು. ಕೊಬ್ಬಿನ ಅಂಕಿ ಮಾತ್ರ ನನ್ನದಕ್ಕಿಂತ ಎಷ್ಟೋ ಕಡಿಮೆ, 241. ಕಲೆ ಬಹಳ ಮುಂದುವರಿದಾಗ ಕೊಬ್ಬು ಕರಗಿಹೋಗುವುದೂ ಇದೆಯಂತೆ.

ಆಲ್ಬುಮಿನ್ ಸರಿಯಿದೆ, ಐಎನ್‌ಆರ್ ಸರಿಯಿದೆ. ಲಿವರ್ ಇನ್ನೂ ತನ್ನ ಕೆಲಸ ಮಾಡಿಕೊಂಡೇ ಹೋಗುತ್ತಿದೆ. ಆ ದಿನ ನಮಗೆ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ. ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ಗೆಡ್ಡೆ ಏನಾದರೂ ಬಂದರೆ ಬೇಗ ಕಾಣಲಿ ಎಂದು. ಹೆಪಟೈಟಿಸ್ ಎ, ಬಿ ಲಸಿಕೆ. ಸಕ್ಕರೆಯ ಔಷಧ ಬದಲಾಯಿತು. ಕೊಲೆಸ್ಟರಾಲ್ ಮಾತ್ರೆಯನ್ನು ಲಿವರ್‌ಗೆ ಹೆದರಿ ಅಕ್ಕ ತಾನಾಗೇ ಬಿಟ್ಟಿದ್ದಳು. ಅದನ್ನು ಬಿಡಬೇಕಾದದ್ದೇ ಇರಲಿಲ್ಲ ಎಂದು ಮತ್ತೆ ಶುರು ಮಾಡಿಸಿದರು.

ವಾಪಸು ಬರುವಾಗ ಅಕ್ಕ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದಳು. "ಇಷ್ಟು ವರ್ಷ ಎಲ್ಲಾ ನಾರ್ಮಲ್ ಅಂತಲೇ ಬರೆದಿತ್ತಲ್ಲೋ" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಹೋದ ತಿಂಗಳು ಅವಳ ಹೊಸ ವರದಿ ಬಂತು. ಫೋನ್ ಮಾಡಿ ಓದಿ ಹೇಳಿದಳು, ಈಗ ಅವಳು ಶುರು ಮಾಡುವುದೇ ಪ್ಲೇಟ್‌ಲೆಟ್‌ನಿಂದ. 149. 152ಕ್ಕೂ 149ಕ್ಕೂ ವ್ಯತ್ಯಾಸವೇ ಇಲ್ಲ, ಅದೇ ರಕ್ತವನ್ನು ಎರಡು ಸಲ ಎಣಿಸಿದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ ಎಂದು ನಾನು ವಿವರಿಸುತ್ತಿದ್ದೆ. ಅವಳು ನಡುವೆ ಬಾಯಿ ಹಾಕಿದಳು.

"ಅದಿರಲಿ ಕಣೋ. ಈ ಸಲ ನಕ್ಷತ್ರ ಹಾಕಿದ್ದಾರೆ."